ಅಪರೂಪದ ಪದಗಳ ಬೆನ್ನು ಹತ್ತಬೇಕೇ?

ಮಾನ್ಯರೇ,

ಉನ್ನತ ಮಟ್ಟದ ಇಂಗ್ಲಿಷ್ ಕಲಿಕೆಯೆಂದರೆ ಯಾರೂ ಬಳಸದ ಪದಗಳನ್ನು ಅರ್ಥಸಹಿತ ಉರು ಹೊಡೆಯುವುದು ಎಂಬ ಭಾವನೆ ಪರೀಕ್ಷಾರ್ಥಿಗಳಲ್ಲಿ ಬೇರೂರಿರುವುದು ವಿಷಾದಕರ. ದಿನಕ್ಕಿಷ್ಟು ಎಂದು ಪಟ್ಟಿ ಹಿಡಿದು ಕೂರುವವರಿಗೆ ಆ ಪದಗಳು ಪತ್ರಿಕೆಯಲ್ಲಾಗಲೀ ಪಠ್ಯದಲ್ಲಾಗಲೀ ಮತ್ತೆ ಎದುರಾಗುವುದೇ ಅಪರೂಪ. ಎದುರಾಗದ ಪದ ನೆನಪಿನಲ್ಲಿ ಉಳಿಯುವುದಾದರೂ ಹೇಗೆ? ಮರುಓದು ಇಲ್ಲದಿದ್ದರೆ ಕಲಿತದ್ದು ಎಷ್ಟು ಬೇಗ ಅಳಿಸಿಹೋಗುತ್ತದೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲೇ ತೋರಿಸಿದ್ದರು.

ನ್ಯೂಜಿಲೆಂಡ್‌ನ ಭಾಷಾತಜ್ಞೆ ಆವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಶೈಕ್ಷಣಿಕ ಪದಪಟ್ಟಿಯಲ್ಲಿರುವುದು ಕೇವಲ 570 ಪದಕುಟುಂಬಗಳು (ಒಂದು ಮೂಲಪದ ಮತ್ತು ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ). ಅವರು ಪರಿಶೀಲಿಸಿದ ಶೈಕ್ಷಣಿಕ ಬರಹಗಳಲ್ಲಿ ಸುಮಾರು ಶೇ 10ರಷ್ಟು ಪದಗಳು ಇವೇ ಆಗಿದ್ದವು. ‘ಅನಲೈಸ್’, ‘ಕಾನ್‌ಸೆಪ್ಟ್’, ‘ಸಿಗ್ನಿಫಿಕೆಂಟ್’ನಂತಹ ಈ ಪದಗಳಲ್ಲಿ ಹೊಳಪಿಲ್ಲ, ನಿಜ, ಆದರೆ ಓದಿಗೂ ಬರವಣಿಗೆಗೂ ಒದಗುವವು ಇವೇ. ಇವುಗಳ ಮೇಲೆ ಹಿಡಿತವಿಲ್ಲದೆ ನಿಘಂಟಿನ ಮೂಲೆಯ ಪದಗಳನ್ನು ಹೆಕ್ಕುವುದು ಬರೀ ಒಣ ಪ್ರತಿಷ್ಠೆ.

ಆದ್ದರಿಂದ ತರಬೇತಿ ನೀಡುವ ಶಿಕ್ಷಕರು ಮೊದಲು ಇಂತಹ ಪದಗಳನ್ನೇ ಆಯ್ದು, ಅರ್ಥದ ಜೊತೆಗೆ ವಿದ್ಯಾರ್ಥಿಗಳಿಂದ ಸ್ವಂತ ವಾಕ್ಯಗಳನ್ನು ಬರೆಸಲಿ. ವಾರ, ತಿಂಗಳ ಅಂತರದಲ್ಲಿ ಅವೇ ಪದಗಳನ್ನು ಮತ್ತೆ ಕೇಳಲಿ.

– ಓರ್ವ ಓದುಗ