ಯಾವ ಸಂಚಿಕೆ ಎಂಬುದನ್ನೂ ತಿಳಿಸಿ

ಮಾನ್ಯ ಸಂಪಾದಕರೇ,

ಅಮೆರಿಕದ ಹಳೆಯ ಕಾಮಿಕ್ಸ್ ಪುಸ್ತಕವೊಂದು ಹರಾಜಿನಲ್ಲಿ ಭಾರಿ ಮೊತ್ತಕ್ಕೆ ಮಾರಾಟವಾಯಿತೆಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ಬೆಲೆಯನ್ನು ಶೀರ್ಷಿಕೆಯಲ್ಲೇ ಸಾರುವ ಇಂಥ ವರದಿಗಳು ಪುಸ್ತಕದ ಬಗ್ಗೆ ಮಾತ್ರ ‘ಇದು ಆ ಪಾತ್ರದ ಮೊದಲ ಸಂಚಿಕೆ’ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುತ್ತವೆ. ಸೂಪರ್‌ಮ್ಯಾನ್ ವಿಷಯದಲ್ಲಿ ಅಷ್ಟು ಸಾಕು; 1938ರ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯ ಮುಖಪುಟದಲ್ಲೇ ಅವನು ಕಾರನ್ನು ಎತ್ತಿ ಹಿಡಿದಿದ್ದಾನೆ. ಪಾತ್ರ ಹೆಣ್ಣಾದಾಗ ಈ ಲೆಕ್ಕ ಅಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ.

ವಂಡರ್ ವುಮನ್‌ಳನ್ನೇ ತೆಗೆದುಕೊಳ್ಳಿ. ಮನಶ್ಶಾಸ್ತ್ರಜ್ಞ ವಿಲಿಯಂ ಮೌಲ್ಟನ್ ಮಾರ್ಸ್ಟನ್ ‘ಚಾರ್ಲ್ಸ್ ಮೌಲ್ಟನ್’ ಎಂಬ ಹೆಸರಿನಲ್ಲಿ ಬರೆದು ಎಚ್.ಜಿ. ಪೀಟರ್ ಚಿತ್ರ ಬಿಡಿಸಿದ ಅವಳ ಮೊದಲ ಕಥೆ ಪ್ರಕಟವಾದದ್ದು 1941ರ ಕೊನೆಯಲ್ಲಿ, ‘ಆಲ್ ಸ್ಟಾರ್ ಕಾಮಿಕ್ಸ್’ 8ನೇ ಸಂಚಿಕೆಯಲ್ಲಿ. ಅದು ಕೇವಲ ಒಂಬತ್ತು ಪುಟಗಳ ಕಥೆ. ಮುಖಪುಟ ಜಸ್ಟಿಸ್ ಸೊಸೈಟಿ ಎಂಬ ಸೂಪರ್‌ಹೀರೊ ತಂಡದ ಗಂಡಸರಿಗೆ ಮೀಸಲಾಗಿತ್ತು, ಅಲ್ಲಿ ಅವಳ ಚಿತ್ರವೇ ಇಲ್ಲ. ಮುಖಪುಟಕ್ಕೆ ಅವಳು ಮೊದಲು ಬಂದದ್ದು 1942ರ ಜನವರಿಯ ‘ಸೆನ್ಸೇಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ. ‘ವಂಡರ್ ವುಮನ್’ ಎಂದು ಅವಳದೇ ಹೆಸರಿನ ಕಾಮಿಕ್ಸ್ ಪತ್ರಿಕೆ ಶುರುವಾದದ್ದು ಅದೇ ವರ್ಷದ ಬೇಸಿಗೆಯಲ್ಲಿ. ಹೀಗೆ ಮೂರು ಬೇರೆ ಬೇರೆ ಪುಸ್ತಕಗಳಿದ್ದು, ಮೂರಕ್ಕೂ ‘ಮೊದಲು’ ಎಂಬ ಹಣೆಪಟ್ಟಿ ಸಲ್ಲುತ್ತದೆ. (ಅದೇ ವರ್ಷ ಜಸ್ಟಿಸ್ ಸೊಸೈಟಿ ಅವಳನ್ನು ಸೇರಿಸಿಕೊಂಡು ಕಾರ್ಯದರ್ಶಿಯ ಕೆಲಸ ವಹಿಸಿತೆಂಬುದನ್ನು ಓದಿದರೆ ಇಂದು ನಗಬೇಕೋ ಬೇಡವೋ ತಿಳಿಯುವುದಿಲ್ಲ.)

ಸಂಗ್ರಾಹಕರು ಈ ಮೂರರಲ್ಲಿ ಸಾಮಾನ್ಯವಾಗಿ ಹೆಚ್ಚು ಬೆಲೆ ಕಟ್ಟುವುದು 8ನೇ ಸಂಚಿಕೆಗೇ. ದುಬಾರಿ ಪ್ರತಿಗಳನ್ನು ಈಗ ಗ್ರೇಡಿಂಗ್ ಸಂಸ್ಥೆಗಳು ಪರಿಶೀಲಿಸಿ, ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಪಾರದರ್ಶಕ ಪ್ಲಾಸ್ಟಿಕ್ ಕವಚದಲ್ಲಿ ಸೀಲು ಮಾಡಿ ಕೊಡುತ್ತವೆ. ಕವಚ ಒಡೆದರೆ ಆ ಪ್ರಮಾಣೀಕರಣ ಹೋಗುತ್ತದೆ. ಆದ್ದರಿಂದ, ಯಾವ ನಾಯಕಿಗಾಗಿ ಹಣ ಸುರಿದನೋ ಅವಳನ್ನು ತನ್ನ ಪ್ರತಿಯಲ್ಲಿ ಕಣ್ಣಾರೆ ಕಾಣುವ ಅವಕಾಶವೇ ಕೊಂಡವನಿಗೆ ಇಲ್ಲ; ಅವನಿಗೆ ಕಾಣುವುದು ಆ ಗಂಡಸರ ಮುಖಪುಟ. ಹಲವು ಪ್ರತಿಗಳು ಯುದ್ಧಕಾಲದ ರದ್ದಿ ಸಂಗ್ರಹಕ್ಕೆ ಹೋಗಿ ಅಳಿದುಹೋದ, ಉಳಿದವೂ ಆಮ್ಲೀಯ ನ್ಯೂಸ್‌ಪ್ರಿಂಟ್ ಆದ್ದರಿಂದ ಹಳದಿಯಾಗಿ ಅಂಚು ಉದುರುವ ಪುಸ್ತಕಗಳಿಗೆ ರಕ್ಷಣೆ ಬೇಕೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಈ ಏರ್ಪಾಡು ನನಗೆ ವಿಚಿತ್ರವಾಗಿಯೇ ಕಾಣುತ್ತದೆ.

ಸಂಚಿಕೆಯ ಹೆಸರು, ಸಂಖ್ಯೆ ಹೇಳದಿದ್ದರೆ ಹೊಸಬರು ಮೋಸಹೋಗುವ ಸಾಧ್ಯತೆಯೂ ಇದೆ. 1970ರ ದಶಕದಲ್ಲಿ ಈ ಕಾಮಿಕ್ಸ್‌ಗಳ ಪ್ರಕಾಶಕ ಡಿಸಿ ಸಂಸ್ಥೆಯೇ ‘ಫೇಮಸ್ ಫಸ್ಟ್ ಎಡಿಷನ್’ ಮಾಲೆಯಲ್ಲಿ ‘ಸೆನ್ಸೇಷನ್ ಕಾಮಿಕ್ಸ್’ ಮತ್ತು ‘ವಂಡರ್ ವುಮನ್’ ಮೊದಲ ಸಂಚಿಕೆಗಳನ್ನು ದೊಡ್ಡ ಆಕಾರದಲ್ಲಿ ಮರುಮುದ್ರಿಸಿತು. ಹೊರಗಿನ ಮುಖಪುಟವನ್ನು ಕಿತ್ತರೆ ಒಳಗೆ ಹಳೆಯ ಮುಖಪುಟ, ಹತ್ತು ಸೆಂಟ್ ಬೆಲೆಯ ಸಮೇತ, ಹಾಗೆಯೇ ಇರುತ್ತದೆ. ಮೂಲ ಪ್ರತಿಗಿಂತ ಇದು ಉದ್ದಗಲಗಳಲ್ಲಿ ಸಾಕಷ್ಟು ದೊಡ್ಡದು. ಅಳತೆಪಟ್ಟಿ ಇಟ್ಟು ನೋಡಿದರೆ ಗುಟ್ಟು ರಟ್ಟಾಗುತ್ತದೆ, ಆದರೆ ಕೇವಲ ಫೋಟೊ ನೋಡಿ ಕೊಳ್ಳುವವರಿಗೆ ಅದು ತಿಳಿಯುವುದು ಹೇಗೆ?

ಸೂಪರ್‌ಗರ್ಲ್ ವಿಷಯದಲ್ಲಿ ಗೊಂದಲ ಕಡಿಮೆ. 1959ರ ಮೇ ತಿಂಗಳ ‘ಆ್ಯಕ್ಷನ್ ಕಾಮಿಕ್ಸ್’ 252ನೇ ಸಂಚಿಕೆಯ ಮುಖಪುಟದಲ್ಲೇ ಅವಳು ರಾಕೆಟ್‌ನಿಂದ ಹೊರಬರುತ್ತಾಳೆ. ಮಾರ್ವೆಲ್ ಸಂಸ್ಥೆಯ ನಾಯಕಿ ಕ್ಯಾರಲ್ ಡ್ಯಾನ್ವರ್ಸ್ ಮಾತ್ರ 1968ರಲ್ಲಿ ಯಾವ ಶಕ್ತಿಯೂ ಇಲ್ಲದ ಭದ್ರತಾ ಅಧಿಕಾರಿಯಾಗಿ ಬಂದು, 1977ರಲ್ಲಿ ಮಿಸ್ ಮಾರ್ವೆಲ್ ಆಗಿ ಸ್ವಂತ ಪತ್ರಿಕೆ ಪಡೆದಳು. ಅವಳ ಮೊದಲ ಸಂಚಿಕೆ ಯಾವುದೆಂಬುದು ‘ಪಾತ್ರ’ ಮತ್ತು ‘ಸೂಪರ್‌ಹೀರೊ’ಗಳಲ್ಲಿ ನಾವು ಯಾರನ್ನು ಹುಡುಕುತ್ತೇವೆ ಎಂಬುದರ ಮೇಲೆ ನಿಂತಿದೆ.

ಆದ್ದರಿಂದ ಮುಂದೆ ಇಂಥ ಸುದ್ದಿ ಪ್ರಕಟಿಸುವಾಗ ಕಾಮಿಕ್ಸ್‌ನ ಹೆಸರು, ಸಂಚಿಕೆ ಸಂಖ್ಯೆ, ಪ್ರತಿಯ ಗ್ರೇಡ್ ಮತ್ತು ಅದನ್ನು ದುರಸ್ತಿ ಮಾಡಲಾಗಿದೆಯೇ ಎಂಬ ವಿವರಗಳನ್ನು ಬೆಲೆಯ ಪಕ್ಕದಲ್ಲೇ ಕೊಡಬೇಕೆಂದು ಕೋರುತ್ತೇನೆ. ಅದಕ್ಕೆ ಎರಡು ಸಾಲಿನ ಜಾಗ ಸಾಕು.

ಇತಿ,
ಹಳೆಯ ಕಾಮಿಕ್ಸ್‌ಗಳ ಓದುಗ