ಈ ಸಲದ ಸಿನಿಮಾ: ‘ದಿ ಗ್ಲಾಸ್ ಕ್ಯಾಸಲ್’

ಎಲ್ಲರಿಗೂ ನಮಸ್ಕಾರ. ಭಾನುವಾರದ ಚರ್ಚೆಗೆ 2017ರ ‘ದಿ ಗ್ಲಾಸ್ ಕ್ಯಾಸಲ್’ ನೋಡಿಕೊಂಡು ಬನ್ನಿ. ಸುಮಾರು ಎರಡು ಗಂಟೆಯ ಸಿನಿಮಾ. ಡೆಸ್ಟಿನ್ ಡೇನಿಯಲ್ ಕ್ರೆಟನ್ ನಿರ್ದೇಶನ. ಪತ್ರಕರ್ತೆ ಜೆನೆಟ್ ವಾಲ್ಸ್ 2005ರಲ್ಲಿ ಬರೆದ ಆತ್ಮಕಥೆಯೇ ಇದರ ಮೂಲ.

ಕಥೆ ಅಮೆರಿಕದ್ದು. ಅಪ್ಪ ಬುದ್ಧಿವಂತ, ಮಾತುಗಾರ, ಆದರೆ ಕುಡುಕ. ಅಮ್ಮನಿಗೆ ಚಿತ್ರ ಬಿಡಿಸುವುದೇ ಲೋಕ. ನಾಲ್ಕು ಮಕ್ಕಳು ಊರಿಂದ ಊರಿಗೆ ಅಲೆದು, ಕೊನೆಗೆ ವೆಸ್ಟ್ ವರ್ಜೀನಿಯಾದ ವೆಲ್ಚ್ ಎಂಬ ಕಲ್ಲಿದ್ದಲು ಗಣಿಯ ಊರು ಸೇರುತ್ತಾರೆ. ಮಕ್ಕಳಿಗೆ ಗಾಜಿನ ಮನೆ ಕಟ್ಟಿಕೊಡುತ್ತೇನೆ ಅಂತ ಅಪ್ಪ ನಕ್ಷೆ ಬರೆಯುತ್ತಲೇ ಇರುತ್ತಾನೆ. ಅದರ ಪಾಯಕ್ಕೆ ಅಂತ ತೋಡಿದ ಗುಂಡಿ ಕಡೆಗೆ ಕಸದ ಗುಂಡಿಯಾಗುತ್ತದೆ. ನನಗಂತೂ ಇಡೀ ಕಥೆ ಆ ಗುಂಡಿಯಲ್ಲೇ ಇದೆ ಅನ್ನಿಸಿತು.

ವುಡಿ ಹ್ಯಾರಲ್ಸನ್ ಅಪ್ಪನ ಪಾತ್ರದಲ್ಲಿ ಎಷ್ಟು ಇಷ್ಟವಾಗುತ್ತಾರೆ ಅಂದರೆ, ಅವನ ಮೇಲೆ ಸಿಟ್ಟು ಬರಬೇಕಾದಲ್ಲೂ ಬರುವುದಿಲ್ಲ. ಇದು ಸಿನಿಮಾದ ಬಲವೋ, ದೋಷವೋ? ನನ್ನ ಪ್ರಕಾರ ಕೊನೆಯ ಭಾಗದಲ್ಲಿ ಅವನನ್ನು ಸ್ವಲ್ಪ ಜಾಸ್ತಿಯೇ ಕ್ಷಮಿಸಿಬಿಟ್ಟಿದ್ದಾರೆ. ಪುಸ್ತಕ ಓದಿದವರು ಏನಂತೀರಿ? ಅದಕ್ಕೇ ಕಾಯ್ತಿದ್ದೇನೆ.

ಒಂದು ಮಾತು: ಪುಟ್ಟ ಹುಡುಗಿ ಒಬ್ಬಳೇ ಅಡುಗೆ ಮಾಡಲು ಹೋಗಿ ಬಟ್ಟೆಗೆ ಬೆಂಕಿ ಹತ್ತುವ ದೃಶ್ಯವಿದೆ. ಕುಡಿತ, ಹೊಡೆದಾಟವೂ ಇದೆ. ಚಿಕ್ಕ ಮಕ್ಕಳ ಜೊತೆ ನೋಡಬೇಡಿ. ಇಂಥ ಮನೆಯಲ್ಲೇ ಬೆಳೆದವರು ನಮ್ಮಲ್ಲೂ ಇರಬಹುದು ಅಲ್ವಾ, ಬೇಡ ಅನ್ನಿಸಿದರೆ ಸುಮ್ನೆ ಬಿಟ್ಟುಬಿಡಿ, ಕಾರಣ ಹೇಳಬೇಕಿಲ್ಲ.

ಕೊನೆಯ ಹೆಸರುಗಳು ಬರುವಾಗ ಎದ್ದು ಹೋಗಬೇಡಿ. ನಿಜವಾದ ವಾಲ್ಸ್ ಕುಟುಂಬದವರನ್ನು ಅಲ್ಲಿ ನೋಡಬಹುದು. ಮತ್ತೆ, ಭಾನುವಾರದವರೆಗೆ ಕಥೆಯ ಕೊನೆಯನ್ನು ಯಾರೂ ಇಲ್ಲಿ ಹಾಕಬೇಡಿ, ಪ್ಲೀಸ್!