ಕಾಟಾ ಒಂದೇ, ತೂಕ ಎರಡು: ಬೆಂಗಳೂರಿನ ದೋಸ್ತಗ ಒಂದ್ ಪತ್ರ

ದೋಸ್ತ,

ಹೆಂಗಿದ್ದಿ? ನಾವಿಲ್ಲಿ ಕಲಬುರಗಿದಾಗ ಎಲ್ಲಾರೂ ಆರಾಮ. ಮೊನ್ನೆ ಗ್ರೂಪಿನ್ಯಾಗ ಡಿಸಿ ಆಫೀಸ್ ಮುಂದ ರೈತರು ಧರಣಿ ಕುಂತ ವಿಡಿಯೋ ನೋಡಿ ನೀ ಬರ್ದಿದ್ದಿ, 'ಇವ್ರಿಗೆಲ್ಲ ಯಾರೋ ರೊಕ್ಕ ಕೊಟ್ಟು ಕರ್ಕೊಂಡ್ ಬಂದಿರ್ತಾರ ಬಿಡು' ಅಂತ. ಅವತ್ತ ನಾ ರಿಪ್ಲೈ ಮಾಡ್ಲಿಲ್ಲ, ಸಿಟ್ಟಿನ್ಯಾಗ ಏನರೆ ಬರ್ದು ನಮ್ಮಿಬ್ಬರ ನಡುವ ಕೆಡಬಾರ್ದು ಅಂತ ಸುಮ್ನಾದೆ. ಆ ವಿಡಿಯೋದಾಗ ಎಡಗಡಿ ಬಿಳಿ ಟವೆಲ್ ತಲಿಗೆ ಸುತ್ಕೊಂಡು ನೆಲದ ಮ್ಯಾಲೆ ಕುಂತವ ಅದಾನಲ್ಲ, ಅಂವ ನಮ್ಮಪ್ಪ.

ನಮ್ಮಪ್ಪ ಜಗಳದ ಮನುಷ್ಯ ಅಲ್ಲ, ನಿನಗೂ ಗೊತ್ತದ. ನೆಟೆ ರೋಗ ಬಂದು ತೊಗರಿ ನಿಂತಲ್ಲೇ ಒಣಗಿದ ವರ್ಷ ಸೈತ ಯಾರಿಗೂ ಒಂದ್ ಮಾತು ಅನ್ನಲಿಲ್ಲ, ಮುಂದಿನ ಮಳಿಗೆ ಮತ್ತ ಬಿತ್ತಿದ. ಈ ಸಲ ಮಾಲು ಮಾರ್ಲಿಕ್ಕೆ ಹೋದಾಗ ಒಂದ್ ಅಂಗಡ್ಯಾಗ ಹಸಿ ಅದ, ಕಸ ಅದ ಅಂತ ಚೀಲಕ್ಕ ಎರಡೆರಡು ಕೆಜಿ ಕಮ್ಮಿ ಹಿಡದ್ರು, ಅದಕ್ಕೂ ಹೂಂ ಅಂದ. ಆದ್ರ ಅದೇ ಹೊತ್ತಿನ್ಯಾಗ ಅದೇ ಕಾಟಾದ ಮ್ಯಾಲೆ ಊರಿನ ಒಬ್ಬ ದೊಡ್ಡ ಸಾಹುಕಾರನ ಮಾಲು ಬಂತು, ಅಂಥದ್ದೇ ತೊಗರಿ, ಒಂದ್ ಕಾಳು ಸೈತ ಕಡೀಲಿಲ್ಲ. ಅಪ್ಪ ಮನಿಗೆ ಬಂದು ಉಣಲಿಲ್ಲ. 'ರೇಟ್ ಬಿದ್ರ ತಡ್ಕೋಬಹುದು, ಕಾಟಾ ಒಂದೇ ಇದ್ದು ತೂಕ ಎರಡಾದ್ರ ಹೆಂಗ ತಡ್ಕೋಬೇಕು' ಅಂದ ಅಷ್ಟೇ.

ನಾ ಇಷ್ಟು ವರ್ಷ ಪಿಯು ಹುಡುಗರಿಗೆ ಹಿಸ್ಟರಿ ಹೇಳ್ಲತ್ತೀನಿ, ರಾಜಕೀಯ ಕಾರಣ, ಆರ್ಥಿಕ ಕಾರಣ, ಸಾಮಾಜಿಕ ಕಾರಣ, ತಕ್ಷಣದ ಕಾರಣ ಅಂತ ಬೋರ್ಡ್ ಮ್ಯಾಲೆ ನಾಕು ಹೆಡ್ಡಿಂಗ್ ಬರೀತೀನಿ, ಅವ್ರು ಬಾಯಿಪಾಠ ಮಾಡಿ ಮಾರ್ಕ್ಸ್ ತಗೋತಾರ. ಅಪ್ಪನ ಮಾತು ಕೇಳಿದ ರಾತ್ರಿ ನಿದ್ದಿ ಬರ್ಲಿಲ್ಲ, ಎದ್ದು ಕುಂತು ಫ್ರಾನ್ಸಿನ ಕ್ರಾಂತಿ ಪಾಠ ಮತ್ತ ತಿರುವಿ ಹಾಕಿದೆ.

ಅಲ್ಲಿ 1788ರಾಗ ಆಣೆಕಲ್ಲು ಮಳಿ ಬಿದ್ದು ಬೆಳಿ ಹೋಗಿತ್ತು, 1789ಕ್ಕ ರೊಟ್ಟಿ ರೇಟ್ ಮುಗಿಲಿಗೆ ಹೋಗಿತ್ತು, ಇದು ಎಲ್ಲಾರೂ ಹೇಳೋ ಕಾರಣ, ಖರೇನೂ ಹೌದು. ಆದ್ರ ಅದಕ್ಕಿಂತ ಮೊದ್ಲೂ ಬರ ಬಂದಿದ್ವು, ಮಂದಿ ಸತ್ತಿದ್ರು, ರಾಜನ ಗಾದಿ ಅಲುಗಾಡಿರಲಿಲ್ಲ. ಆ ವರ್ಷ ರಾಜ ಊರೂರಿಂದ 'ನಿಮ್ಮ ಗೋಳು ಬರ್ದು ಕಳಸ್ರಿ' ಅಂತ ಕೇಳ್ದ. ರೈತರು ಬರ್ದಿದ್ದರಾಗ ಮತ್ತ ಮತ್ತ ಬಂದ ಒಂದ್ ಬೇಡಿಕೆ ಯಾವ್ದು ಗೊತ್ತೇನು? ಒಬ್ಬ ರಾಜ, ಒಂದು ಕಾನೂನು, ಒಂದು ತೂಕ, ಒಂದು ಅಳತೆ! ಯಾಕಂದ್ರ ಅಲ್ಲಿ ಸೀಮೆಗೊಂದು ಅಳತೆ, ಜಮೀನ್ದಾರಗೊಂದು ಕೊಳಗ ಇತ್ತು, ರೈತನ ಹತ್ರ ಕಾಳು ಅಳಸ್ಕೊಳ್ಳೋ ಕೊಳಗ ಜಮೀನ್ದಾರಗ ಬೇಕಾದಂಗ ದೊಡ್ಡದಾಗ್ತಿತ್ತು. ಮ್ಯಾಲಿಂದ ರೈತನ ಮ್ಯಾಲಿನ ದೊಡ್ಡ ಕಂದಾಯ ಪಾದ್ರಿಗಳಿಗಿಲ್ಲ, ಸರದಾರರಿಗಿಲ್ಲ. ಅದೇ ವರ್ಷ ಅಕ್ಟೋಬರ್ 5ಕ್ಕ ಪ್ಯಾರಿಸಿನ ಸಂತ್ಯಾಗ ಮಾರೋ ಹೆಣ್ಮಕ್ಕಳು ಮಳ್ಯಾಗ ನಡಕೊಂತ ವರ್ಸಾಯ್ ಅರಮನಿಗೆ ಹೋದ್ರು, ಮರುದಿನ ರಾಜನ್ನ ಪ್ಯಾರಿಸಿಗೆ ಕರ್ಕೊಂಡೇ ಬಂದ್ರು. ಮುಂದ 1795ರಾಗ ಆ ಕ್ರಾಂತಿ ಸರ್ಕಾರ ಮೀಟರು, ಗ್ರಾಮು ಅಂತ ಎಲ್ಲಾರಿಗೂ ಒಂದೇ ಅಳತೆ ಕಾನೂನು ಮಾಡ್ತು, ನಮ್ಮ ದೇಶದಾಗ ಅದು ಕಾನೂನಾಗಿದ್ದು 1956ರಾಗ. ಅಂದ್ರ ನಮ್ಮಪ್ಪಗ ಯಾವ ಕೆಜಿ ಲೆಕ್ಕದಾಗ ಮೋಸ ಆಯ್ತೋ ಆ ಕೆಜಿ ಹುಟ್ಟಿದ್ದೇ ಇಂಥ ಮೋಸ ನಿಲ್ಲಸ್ಲಿಕ್ಕೆ ಅಂತ, ಇದು ನೆನಪಾದಾಗ ಹೊಟ್ಟ್ಯಾಗ ಸಂಕಟ ಆಯ್ತು ನೋಡು.

ಟುನಿಷಿಯಾದ್ದು ನಾವಿಬ್ರೂ ಟಿವ್ಯಾಗ ನೋಡಿದ್ದೇ. ಸಿದಿ ಬೂಜಿದ್ ಅನ್ನೋ ಊರಾಗ ಮೊಹಮದ್ ಬೂಅಜೀಜಿ ಅಂತ 26 ವರ್ಷದ ಹುಡುಗ, ಬಂಡ್ಯಾಗ ಹಣ್ಣು ಕಾಯಿಪಲ್ಯ ಮಾರಾಂವ. 2010ರ ಡಿಸೆಂಬರ್ 17ಕ್ಕ ಅಧಿಕಾರಿಗಳು ಅವನ ಮಾಲು, ತಕ್ಕಡಿ ಎರಡೂ ಕಸ್ಕೊಂಡ್ರು. ತಕ್ಕಡಿ ವಾಪಸ್ ಕೊಡ್ರಿ ಅಂತ ಆಫೀಸಿಗೆ ಹೋದ್ರ ಯಾರೂ ಅವನ ಮಾತು ಕೇಳ್ಲಿಲ್ಲ, ಆಫೀಸ್ ಮುಂದೇ ಮೈಗೆ ಬೆಂಕಿ ಹಚ್ಕೊಂಡ, ಜನವರಿ 4ಕ್ಕ ತೀರ್ಕೊಂಡ. ಮಂದಿ ಬೀದಿಗಿಳಿದ್ರು, ಮುಂದ ಹತ್ತೇ ದಿನಕ್ಕ, 23 ವರ್ಷ ಕುರ್ಚಿ ಹಿಡಕೊಂಡು ಕುಂತಿದ್ದ ಅಧ್ಯಕ್ಷ ಬೆನ್ ಅಲಿ ದೇಶ ಬಿಟ್ಟು ಓಡಿದ. ಅವನ ತಕ್ಕಡಿ ಸುದ್ದಿ ಕೇಳಿದ ಮಂದಿಗೆ ತಮ್ಮ ತಮ್ಮ ತಕ್ಕಡಿ ನೆನಪಾಗಿರಬೇಕು, ಅವ್ರಿಗೆ ಯಾರು ರೊಕ್ಕ ಕೊಡಬೇಕಿತ್ತು ಹೇಳು.

ನೀ ಊರಿಗೆ ಬರೋವಾಗ ಬಸ್ಸಿನ್ಯಾಗ ಟಿಕೆಟ್ ತಗೊಂಡು ಖಾಲಿ ಸೀಟಿನ್ಯಾಗ ಕುಂದರ್ತಿ ಹೌದಲ್ಲೋ. ಅಮೆರಿಕಾದ ಮಾಂಟ್ಗೊಮರಿದಾಗ ಕರಿಯರು ಮುಂದಿನ ಬಾಗಿಲಕ್ಕ ರೊಕ್ಕ ಕೊಟ್ಟು, ಕೆಳಗಿಳಿದು, ಹಿಂದಿನ ಬಾಗಿಲಿಂದ ಹತ್ತಬೇಕಾಗ್ತಿತ್ತು. 1955ರ ಡಿಸೆಂಬರ್ 1ಕ್ಕ ರೋಸಾ ಪಾರ್ಕ್ಸ್ ಅನ್ನೋ ಕರಿಯ ಹೆಣ್ಮಗಳು ಬಿಳಿಯಗ ಸೀಟು ಬಿಡ್ಲಿಲ್ಲ, ಆಕಿನ್ನ ಹಿಡದ್ರು, ಕರಿಯ ಮಂದಿ 381 ದಿನ ಬಸ್ ಹತ್ತಲಿಲ್ಲ. ಅದೇ ಊರಾಗ ಆಕಿಗಿಂತ ಮೊದ್ಲ ಮಾರ್ಚಿನ್ಯಾಗ 15 ವರ್ಷದ ಕ್ಲಾಡೆಟ್ ಕಾಲ್ವಿನ್ ಅನ್ನೋ ಹುಡುಗಿ ಹಂಗೇ ಕುಂತಿದ್ಲು, ಜೈಲಿಗೂ ಹೋಗಿದ್ಲು, ಆಕಿ ಹೆಸರು ನಮ್ಮ ಪುಸ್ತಕದಾಗಿಲ್ಲ, ಈ ವರ್ಷದಿಂದ ನಾನೇ ಬೋರ್ಡ್ ಮ್ಯಾಲೆ ಬರೀತೀನಿ.

ನಮ್ಮ ಸೀಮೆದ್ದು ಬೇರೆ ಏನದ. ನಿಜಾಮನ ರಾಜ್ಯದಾಗ ಎರಡನೇ ಮಹಾಯುದ್ಧದ ಕಾಲಕ್ಕ ಲೇವಿ ಅಂತ ಒತ್ತಾಯದಿಂದ ಕಾಳು ಎತ್ತತಿದ್ರು. ಸಣ್ಣ ರೈತನ ಮನಿಯಿಂದ ಬೀಜಕ್ಕಿಟ್ಟಿದ್ದೂ ಹೋಗ್ತಿತ್ತು, ದೇಶಮುಖರು ಅಂದ್ರ ದೊಡ್ಡ ಜಮೀನ್ದಾರರು ತಮ್ಮದು ತಪ್ಪಸ್ಕೋತಿದ್ರು. ತೆಲಂಗಾಣದ ಹಳ್ಳಿಗಳು 1946ರಾಗ ಎದ್ದಿದ್ದಕ್ಕ ಬಿಟ್ಟಿ ಚಾಕರಿ ಕೂಡ ಈ ಲೇವಿನೂ ದೊಡ್ಡ ಕಾರಣ. ಇನ್ನ ಕಲ್ಯಾಣದ ಸುದ್ದಿ ನಿನಗ ನಾ ಹೇಳಬೇಕೇನು, ಚಪ್ಪಲಿ ಹೊಲಿಯೋ ಹರಳಯ್ಯ, ಬ್ರಾಹ್ಮಣ ಮಧುವರಸ ಇವರ ಮಕ್ಕಳ ಮದುವಿಗೆ ಊರಿಗೂರೇ ಹೊತ್ತಿ ಉರೀತು ಅಂತಾರ, ಮನುಷ್ಯರನ್ನೇ ಎರಡು ತಕ್ಕಡ್ಯಾಗ ತೂಗೋದು ಬ್ಯಾಡ ಅಂದದ್ದೇ ಅಲ್ಲಿ ತಪ್ಪಾಯ್ತು.

ಎಲ್ಲಾದಕ್ಕೂ ಈ ಒಂದೇ ಕಾರಣ ಹಚ್ತಿ ಏನು ಅಂತ ಕೇಳ್ತಿ, ಗೊತ್ತದ. ಇಲ್ಲ. 1914ರ ಮೊದಲನೇ ಮಹಾಯುದ್ಧ ರಾಜರು, ಸೇನಾಪತಿಗಳು ತಮ್ಮ ತಮ್ಮ ಕರಾರು ಹಿಡಕೊಂಡು ಮಾಡಿದ್ದು, ಸತ್ತವರಾಗ ಬಾಳ ಮಂದಿ ಬಡವರ ಮಕ್ಕಳು. ಮತ್ತ ನಮಗ ಅನ್ಯಾಯ ಆಗ್ಯಾದ ಅನ್ನೋ ಮಾತು ಯಾವಾಗ್ಲೂ ನಂಬೋ ಮಾತಲ್ಲ. 1919ರ ವರ್ಸಾಯ್ ಒಪ್ಪಂದದಾಗ ಯುದ್ಧದ ಹೊಣಿ ಜರ್ಮನಿ ತಲಿಗೆ ಕಟ್ಟಿ ದಂಡ ಹಾಕಿದ್ರು, ಆ ಸಿಟ್ಟನ್ನ ಹಿಟ್ಲರ್ ಹೊಲ ಮಾಡ್ಕೊಂಡು ದ್ವೇಷ ಬಿತ್ತಿದ. ನಾ ಹಿಂಗ ನೋಡ್ತೀನಿ: ಮಾಂಟ್ಗೊಮರಿ ಮಂದಿ ಬಿಳಿಯರನ್ನ ಹಿಂದಿನ ಬಾಗಿಲಿಂದ ಹತ್ತಸ್ರಿ ಅನ್ನಲಿಲ್ಲ. ಹಿಟ್ಲರ್ ಬೇರೆಯವರ ಪಾಲು, ಅವರ ಜೀವ ಸೈತ ಕೇಳ್ದ.

ನಮ್ಮಪ್ಪನೂ ಸಾಹುಕಾರನ ಚೀಲದಾಗೂ ಎರಡು ಕೆಜಿ ಕಡೀರಿ ಅನ್ನಲಿಲ್ಲ. ಅಪ್ಪ ಅವತ್ತ ಡಿಸಿ ಆಫೀಸಿಗೆ ಬಸ್ಸಿಗೆ ತನ್ನ ಕಿಸೆದಾಗಿನ ರೊಕ್ಕ ಕೊಟ್ಟು ಹೋಗಿದ್ದ, ಬುತ್ತಿ ಅವ್ವ ಕಟ್ಟಿದ್ಲು, ಎರಡು ರೊಟ್ಟಿ, ಪುಂಡಿಪಲ್ಯ.

ಶರಣಬಸವೇಶ್ವರ ಜಾತ್ರಿಗೆ ಬರ್ತಿಯಲ್ಲ, ಈ ಸಲ ಲಾಡ್ಜ್ ಗೀಡ್ಜ್ ಅನಬ್ಯಾಡ, ಸೀದಾ ಮನಿಗೇ ಬಾ. ಅಪ್ಪನ ಕೂಡ ಕುಂತು ಉಣ್ಣು, 'ಕಾಕಾ, ಅವತ್ತ ಯಾಕ ಹೋಗಿದ್ದಿ' ಅಂತ ನೀನೇ ಕೇಳು.

ನಿನ್ನ ದೋಸ್ತ